ಪಂಪ್ ಹೋಗೇತಿ ಅಂದಿದ್ರು, ಇವ್ರು ವೈರ್ ಹುಡ್ಕಿ ಕೊಟ್ರು: ಬಳ್ಳಾರಿ ಹೊಸಪೇಟೆ ರೋಡಿನ ಈ ಗ್ಯಾರೇಜು

ಮೂರು ತಿಂಗ್ಳು ಒದ್ದಾಡಿ ಆಮ್ಯಾಲೆ ಇಲ್ಲಿಗೆ ಬಂದೋನು ನಾನು, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ, ಬಿಸಿ ಆದ್ಮ್ಯಾಲೆ ಗಾಡಿ ಆಫ್ ಆಗೋ ಕಂಪ್ಲೇಂಟ್ ಇರೋರು ಪೂರ್ತಿ ಓದ್ರಿ.

ನಮ್ದು 2004ರ ಡೀಸೆಲ್ ಗಾಡಿ. ಇಂಜಿನ್ನಿಗೆ ಡೀಸೆಲ್ ಕೊಡೋದು ಈಗಿನ ಕಾಮನ್ ರೈಲ್ ಅಲ್ಲ, ಎಲೆಕ್ಟ್ರಾನಿಕ್ ಕಂಟ್ರೋಲ್ ಇರೋ ಹಳೇ ರೋಟರಿ ಪಂಪ್. ವಾರಕ್ಕೆ ಎರಡು ಸಲ ಅಪ್ಪಾರನ್ನ ಸಿರುಗುಪ್ಪದಿಂದ ಬಳ್ಳಾರಿಗೆ ಡಯಾಲಿಸಿಸ್‌ಗೆ ಕರ್ಕೊಂಡು ಬರ್ಬೇಕು, ಆ ದಿನ ಗಾಡಿ ಕೈ ಕೊಡೋಹಂಗೇ ಇಲ್ಲ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗ್ತಿತ್ತು, ಮುಕ್ಕಾಲು ತಾಸು ಓಡಿದ್ಮ್ಯಾಲೆ ಎಳ್ಯೋದು ಬಿಡ್ತಿತ್ತು, ಚೆಕ್ ಲೈಟ್ ಬರೋದು, ಹಂಗೇ ಆಫ್. ಬಾನೆಟ್ ಎತ್ತಿ ಅರ್ಧ ತಾಸು ಬಿಟ್ರೆ ಮತ್ತೆ ಏನೂ ಆಗೇ ಇಲ್ಲ ಅನ್ನೋಹಂಗ ಸ್ಟಾರ್ಟ್. ಏಪ್ರಿಲ್ ಬಿಸಿಲಾಗ ಸಿರಿಗೇರಿ ಕ್ರಾಸ್ ದಾಟಿ ಒಂದ್ಸಲ ನಿಂತ್ಬಿಡ್ತು, ಅಪ್ಪಾರನ್ನ ಜಾಲಿ ಗಿಡದ ನೆಳ್ಳಿಗೆ ಕುಂದ್ರಿಸಿ ಟವೆಲ್ಲಿನಿಂದ ಗಾಳಿ ಹಾಕಿದ್ದು ಇನ್ನೂ ಕಣ್ಣಾಗೈತಿ.

ಮೊದ್ಲು ತೋರಿಸಿದ ಕಡೆ ಸ್ಕ್ಯಾನರ್ ಹಾಕಿದ್ರು, ಪಂಪ್ ಎಷ್ಟು ಜೋರು ತಿರುಗ್ತೈತಿ ಅಂತ ನೋಡೋ ಸ್ಪೀಡ್ ಸೆನ್ಸರಿನ ತಪ್ಪಿನ ಕೋಡ್ ಬಂತು, ಸೀದಾ ಹೊಸ ಸೆನ್ಸರ್ ಹಾಕಿ 4,800 ತಗೊಂಡ್ರು. ನಾಲ್ಕನೇ ದಿನಕ್ಕೆ ಅದೇ ಕಥೆ. ಹಂಗಾದ್ರೆ ಪಂಪೇ ಹೋಗೇತಿ, ಇಳಿಸಿ ಹುಬ್ಬಳ್ಳಿಗೆ ಕಳಿಸ್ಬೇಕು, 60 ಸಾವಿರ ಹತ್ರ ಆಗ್ತೈತಿ ಅಂದ್ರು. ಆವಾಗ ನಮ್ಮ ಲಾರಿ ಡ್ರೈವರ್ ಒಬ್ಬ ಈ ಗ್ಯಾರೇಜ್ ಹೇಳಿದ.

ಇಲ್ಲಿ ಮೇಸ್ತ್ರಿ ಮೊದ್ಲ ಕೇಳಿದ್ದು ಬಿಸಿ ಆದಾಗ ಆಗ್ತೈತೋ ತಣ್ಣಗಿದ್ದಾಗೋ ಅಂತ. ಇಂಜಿನ್ ಬಿಸಿ ಇರೋವಾಗ್ಲೇ ಸ್ಕ್ಯಾನರ್ ಹಾಕಿ ಲೈವ್ ಡೇಟಾ ತೋರಿಸಿದ್ರು. ಪಂಪ್ ಯಾವಾಗ್ಲೂ ಇಂಜಿನ್ನಿನ ಅರ್ಧ ಸ್ಪೀಡಿನಾಗ ತಿರುಗ್ಬೇಕು, ಇಂಜಿನ್ ನಿಮಿಷಕ್ಕೆ 800 ಸುತ್ತು ಇದ್ರೆ ಪಂಪ್ 400. ಇಂಜಿನ್ 800ಕ್ಕೇ ನಿಂತಿತ್ತು, ಪಂಪ್ ಮಾತ್ರ 400, ಸೊನ್ನೆ, 650, ಮತ್ತೆ ಸೊನ್ನೆ ಹಿಂಗ ಕುಣೀತಿತ್ತು. ನಿಜವಾಗ್ಲೂ ಪಂಪ್ ಹಂಗ ನಿಂತು ತಿರುಗಿದ್ರೆ ಇಂಜಿನ್ ಇಷ್ಟು ಸಾಫಾಗಿ ಓಡ್ತಿತ್ತಾ, ಪಂಪ್ ಚೆನ್ನಾಗೈತಿ, ಸುದ್ದಿ ತರೋ ದಾರೀನೇ ಕೆಟ್ಟೈತಿ ಅಂದ್ರು. ಸೆನ್ಸರ್ ಕೋಡ್ ಬಂತು ಅಂದ್ರೆ ಸೆನ್ಸರೇ ಹೋಗೇತಿ ಅಂತಲ್ಲ, ಸೆನ್ಸರ್, ವೈರ್, ಪ್ಲಗ್, ಇಸಿಎಂ (ಇಂಜಿನ್ ಕಂಟ್ರೋಲ್ ಮಾಡೋ ಕಂಪ್ಯೂಟರ್) ಪಿನ್ನು, ಇದ್ರಾಗ ಯಾವ್ದಾದ್ರೂ ಇರಬೌದು ಅಂತ. ಈ ಮಾತು ಮೊದ್ಲೇ ಯಾರಾದ್ರೂ ಹೇಳಿದ್ರೆ ಆ 4,800 ಉಳೀತಿತ್ತು.

ಸೆನ್ಸರ್ ಎರಡು ವೈರಿಂದು, ಒಳಗ ಮ್ಯಾಗ್ನೆಟ್ಟು ತಾಮ್ರದ ಕಾಯಿಲು, ಶಾಫ್ಟಿನ ಹಲ್ಲು ಮುಂದ ಹಾದಂಗೆಲ್ಲ ಸಣ್ಣ ಎಸಿ ಕರೆಂಟ್ ಹುಟ್ತೈತಿ. ಪ್ಲಗ್ ಬಿಚ್ಚಿ ಮೀಟರ್ ಹಿಡಿದ್ರು, ಕಾಯಿಲಿನ ರೆಸಿಸ್ಟೆನ್ಸ್ 1.1 ಕಿಲೋ ಓಮ್. ಹೀಟ್ ಗನ್ನಿಂದ ಸೆನ್ಸರ್ ಬಿಸಿ ಮಾಡಿದ್ರು, ನಿಧಾನಕ್ಕೆ 1.3ಕ್ಕೆ ಏರ್ತು. ನಂಗೆ ಗಾಬರಿ ಆತು, ಅವ್ರು ತಾಮ್ರ ಬಿಸಿ ಆದ್ರೆ ಇಷ್ಟು ಏರೋದೇ, ಕೆಟ್ಟ ಕಾಯಿಲಾದ್ರೆ ಹಿಂಗ ನಿಧಾನಕ್ಕೆ ಏರಲ್ಲ, ಒಮ್ಮೆಗೇ ಓಪನ್, ಅಂದ್ರೆ ಕಟ್, ಆಗ್ತೈತಿ ಅಂದ್ರು.

ಆಮ್ಯಾಲೆ ಸೆನ್ಸರ್ ಪ್ಲಗ್ ವಾಪಸ್ ಹಾಕಿ, ಬ್ಯಾಟ್ರಿ ಟರ್ಮಿನಲ್ ಬಿಚ್ಚಿ, ಇಸಿಎಂ ತುದೀಲಿ ಆ ಎರಡು ಪಿನ್ನಿಗೆ ಮೀಟರ್ ಹಿಡಿದು ಕುಂತ್ರು, ಹುಡುಗ ಮುಂದೆ ನಿಂತು ಹಾರ್ನೆಸ್ (ವೈರಿನ ಕಟ್ಟು) ಗೇಣು ಗೇಣು ಅಲ್ಲಾಡಿಸ್ತಾ ಬಂದ. ಇಂಜಿನ್ ಹಿಂದ, ಎಕ್ಸಾಸ್ಟ್ ಕಡೆ ಒಂದು ಜಾಗ ಮುಟ್ಟಿದ ಕೂಡ್ಲೇ ರೀಡಿಂಗ್ ಹೋತು, ಬಿಟ್ಟ, ಬಂತು. ಟೇಪ್ ಬಿಚ್ಚಿದ್ರೆ ಒಳಗ ಯಾವ ಕಾಲದಾಗೋ ಯಾರೋ ಬರೀ ತಿರುವಿ ಸುತ್ತಿದ ಜಾಯಿಂಟು, ತಾಮ್ರ ಹಸಿರುಗಟ್ಟಿ ಮುಟ್ಟಿದ್ರೆ ಪುಡಿ ಉದುರ್ತಿತ್ತು. ಬಿಸಿಗೆ ಹಿಗ್ಗಿದಾಗ ಬಿಡೋದು, ತಣ್ಣಗಾದ್ರೆ ಕೂಡೋದು. ಆ ಪುಡಿ ನನ್ನ ಅಂಗೈಗೆ ಹಾಕಿ ನೋಡ್ರಿ ನಿಮ್ಮ 60 ಸಾವಿರ ಅಂದ್ರು, ನಂಗೆ ಕಣ್ಣಾಗ ನೀರು ಬಂತು.

ಕೆಟ್ಟ ತುಂಡು ಕತ್ತರಿಸಿ ಹೊಸ ವೈರ್ ಸೋಲ್ಡರ್ ಮಾಡಿ ಬಿಸಿಗೆ ಕುಗ್ಗಿ ಬಿಗಿಯಾಗೋ ಹೀಟ್ ಶ್ರಿಂಕ್ ಟ್ಯೂಬ್ ಹಾಕಿದ್ರು, ಮೇಲಿನ ಶೀಲ್ಡ್ ಜಾಳಿಗೆ ಕೂಡ ಜೋಡಿಸಿ ಒಂದೇ ತುದೀಲಿ ಅರ್ತ್ ಕೊಟ್ರು, ಎಕ್ಸಾಸ್ಟಿನಿಂದ ದೂರ ಕ್ಲಿಪ್ ಹೊಡೆದ್ರು. ಆಮ್ಯಾಲೆ ತೋರಣಗಲ್ಲಿನ ತನಕ ನನ್ನ ಕೂಡ್ಸ್ಕೊಂಡು ಟ್ರಯಲ್, ಸ್ಕ್ಯಾನರ್ ಹಾಕ್ಕೊಂಡೇ. ಒಂದ್ಸಲಾನೂ ಪಂಪ್ ನಂಬರ್ ಬೀಳ್ಲಿಲ್ಲ. ಒಟ್ಟು ಬಿಲ್ 1,800.

ಸರಿ ಇಲ್ದಿರೋದೂ ಹೇಳ್ತೀನಿ. ಸಂಜಿಗೆ ಬರ್ರಿ ಅಂದಿದ್ದು ಮರುದಿನ ಮಧ್ಯಾಹ್ನ ಆತು. ಫೋನ್ ಎತ್ತಲ್ಲ. ಕುಂದ್ರೋಕೆ ಎರಡು ಕುರ್ಚಿ, ನೆಳ್ಳಿಲ್ಲ, ವಯಸ್ಸಾದೋರನ್ನ ಕರ್ಕೊಂಡು ಹೋಗ್ಬ್ಯಾಡ್ರಿ. ಪ್ರಿಂಟ್ ಬಿಲ್ ಕೇಳಿದ್ರೆ ಮಾತ್ರ ಕೊಡ್ತಾರ.

ಎರಡು ತಿಂಗ್ಳಾತು, ಹದಿನಾರು ಟ್ರಿಪ್ ಆಗೇತಿ, ದಾರ್ಯಾಗ ಒಂದ್ಸಲಾನೂ ನಿಂತಿಲ್ಲ. ಬಿಸಿ ಆದ್ಮ್ಯಾಲೆ ಬರೋ ತೊಂದ್ರೆ ಇದ್ರೆ ಗಾಡಿ ಟೋ ಮಾಡಿಸ್ಕೊಂಡು ಹೋಗ್ಬ್ಯಾಡ್ರಿ, ಓಡಿಸ್ಕೊಂಡೇ ಹೋಗ್ರಿ, ಬಿಸಿ ಇದ್ರೇನೇ ಅವ್ರಿಗೆ ಸಿಗೋದು. ಬೆಳಿಗ್ಗೆ ಹತ್ತರೊಳಗ ಹೋದ್ರೆ ಮೇಸ್ತ್ರಿನೇ ಕೈ ಹಾಕ್ತಾರ.