ರೂಬಿ ಸ್ಲಿಪ್ಪರ್ಸ್: ಐದು ವರ್ಷ ಸಾಕಿದ ಗಿಡ್ಡ ತಳಿಯ ಓಕ್‌ಲೀಫ್ ಹೈಡ್ರೇಂಜಿಯ

ಅಮೆರಿಕದ ಜಾರ್ಜಿಯ ರಾಜ್ಯದ ಅಟ್ಲಾಂಟಾದ ಹೊರವಲಯದಲ್ಲಿರುವ ನಮ್ಮ ಮನೆಯ ಪೂರ್ವದ ಕಿಟಕಿಯ ಕೆಳಗೆ, ಬೆಳಕಿಗೆ ಅಡ್ಡವಾಗದಷ್ಟು ಎತ್ತರಕ್ಕೆ ನಿಲ್ಲುವ, ಹೂವಿನ ಕಾಲ ಮುಗಿದ ಮೇಲೂ ನೋಡಲು ಚೆನ್ನಾಗಿರುವ ಒಂದು ಪೊದೆ ಬೇಕಾಗಿತ್ತು. ಹಾಗೆ ಹುಡುಕುವಾಗ ಸಿಕ್ಕಿದ್ದು ಓಕ್‌ಲೀಫ್ ಹೈಡ್ರೇಂಜಿಯದ ‘ರೂಬಿ ಸ್ಲಿಪ್ಪರ್ಸ್’ ತಳಿ. ಈ ಗಿಡ ನೆಲಕ್ಕಿಳಿದು ಈಗ ಐದು ವರ್ಷಗಳಾಗಿವೆ.

ಓಕ್‌ಲೀಫ್ ಹೈಡ್ರೇಂಜಿಯ ಅಮೆರಿಕದ ಆಗ್ನೇಯ ರಾಜ್ಯಗಳ ಕಾಡುಗಿಡ. ಅಲಬಾಮಾ 1999ರಲ್ಲಿ ಇದನ್ನು ತನ್ನ ರಾಜ್ಯದ ಕಾಡುಹೂವೆಂದು ಘೋಷಿಸಿತು. ಓಕ್ ಮರವನ್ನು ಕಾಣದವರು ನಮ್ಮ ದೀವಿಹಲಸಿನ ಎಲೆಯನ್ನು ನೆನೆಸಿಕೊಂಡರೆ, ಅದಕ್ಕಿಂತ ಚಿಕ್ಕದಾದ ಇದರ ಸೀಳುಸೀಳಾದ ಎಲೆಯ ಆಕಾರ ಕಣ್ಣಿಗೆ ಕಟ್ಟುತ್ತದೆ. ಮೂಲ ಜಾತಿ ಆರರಿಂದ ಎಂಟು ಅಡಿ ಬೆಳೆಯುವುದರಿಂದ ಚಿಕ್ಕ ಅಂಗಳಕ್ಕೆ ಒಗ್ಗುವುದಿಲ್ಲ. ಈ ತೊಡಕನ್ನು ನೀಗಿಸಲೆಂದೇ ಅಮೆರಿಕದ ರಾಷ್ಟ್ರೀಯ ಸಸ್ಯೋದ್ಯಾನದವರು ಟೆನೆಸ್ಸಿಯ ಮ್ಯಾಕ್‌ಮಿನ್‌ವಿಲ್ ಕೇಂದ್ರದಲ್ಲಿ ‘ಸ್ನೋ ಕ್ವೀನ್’ ಮತ್ತು ‘ಪೀ ವೀ’ ತಳಿಗಳನ್ನು ಸಂಕರಗೊಳಿಸಿ, ರೂಬಿ ಸ್ಲಿಪ್ಪರ್ಸನ್ನು 2010ರಲ್ಲಿ ಬಿಡುಗಡೆ ಮಾಡಿದರು. ಏಳು ವರ್ಷಕ್ಕೆ ಎತ್ತರ ಸುಮಾರು ಮೂರೂವರೆ ಅಡಿ, ಅಗಲ ಐದು ಅಡಿ ಎಂಬುದು ಅವರ ಅಳತೆ. ಇದಕ್ಕಿಂತ ಕುಳ್ಳಾದ ‘ಮಂಚ್‌ಕಿನ್’ ಕೂಡ ಅಲ್ಲಿಯದೇ. ಅದರ ಹೂಗೊಂಚಲು ಆರೂವರೆ ಇಂಚಿನದಾದರೆ ಇದರದು ಒಂಬತ್ತು ಇಂಚಿನದು. ನಾನು ಇದನ್ನು ಆರಿಸಿದ್ದು ಆ ಗೊಂಚಲಿಗಾಗಿ.

ಕೊಳ್ಳುವವರು ಎತ್ತರಕ್ಕಿಂತ ಅಗಲವನ್ನು ಗಮನಿಸಬೇಕು. ಗಿಡ್ಡ ತಳಿ ಎಂದರೆ ಕಡಿಮೆ ಜಾಗ ಸಾಕು ಎಂದು ತಿಳಿದು ಗೋಡೆಗೆ ಒತ್ತಿ ನೆಟ್ಟರೆ ಅರ್ಧ ಪೊದೆ ಗೋಡೆಗೇ ಬೆಳೆಯುತ್ತದೆ. ಗೋಡೆಯಿಂದ ಮೂರು ಅಡಿಯಾದರೂ ಈಚೆಗೆ ನೆಡುವುದು ಒಳ್ಳೆಯದು.

ಈಗಿರುವುದು ನಾನು ತಂದ ಎರಡನೆಯ ಗಿಡ. ಮೊದಲನೆಯದು ಒಂದೇ ಬೇಸಿಗೆಯಲ್ಲಿ ಸತ್ತುಹೋಯಿತು, ಆ ಸಂಕಟ ಇನ್ನೂ ಮರೆತಿಲ್ಲ. ಜಾರ್ಜಿಯದ ಕೆಂಪು ಜೇಡಿಮಣ್ಣಿನಲ್ಲಿ, ಛಾವಣಿಯ ಮಳೆನೀರು ಇಳಿಯುವ ಕೊಳವೆಯ ಪಕ್ಕದಲ್ಲೇ ಅದನ್ನು ನೆಟ್ಟಿದ್ದೆ. ಎಲೆ ಬಾಡಿದ್ದನ್ನು ಕಂಡು ನೀರು ಸಾಲದೆಂದು ಇನ್ನಷ್ಟು ಹಾಕಿದೆ. ಕಿತ್ತು ನೋಡಿದಾಗ ಬೇರುಗಳು ಕಪ್ಪಾಗಿ, ಬೆರಳಲ್ಲಿ ಹಿಡಿದೆಳೆದರೆ ಸಿಪ್ಪೆ ಕಳಚಿ ಬರುವಷ್ಟು ಕೊಳೆತಿದ್ದವು. ಜೊತೆಗೆ, ನರ್ಸರಿಯವರು ಬಹುಕಾಲ ಒಂದೇ ಕುಂಡದಲ್ಲಿ ಇಟ್ಟಿದ್ದರಿಂದ ಬೇರು ಕುಂಡದ ಆಕಾರದಲ್ಲೇ ಸುರುಳಿ ಸುತ್ತಿಕೊಂಡಿತ್ತು. ಅದನ್ನು ಬಿಡಿಸದೆ ನೆಟ್ಟದ್ದೂ ತಪ್ಪೇ. ಎರಡನೆಯ ಸಲ ಕೊಳವೆಯಿಂದ ದೂರ ಸರಿದು, ಅಗಲವಾದ ಗುಂಡಿ ತೆಗೆದು, ಸುತ್ತುಬೇರುಗಳನ್ನು ಬಿಡಿಸಿ, ಬೇರಿನ ಮುದ್ದೆಯ ಮೇಲ್ಭಾಗ ನೆಲಮಟ್ಟಕ್ಕಿಂತ ಎರಡು ಇಂಚು ಮೇಲಿರುವಂತೆ ನೆಟ್ಟು, ಪೈನ್ ತೊಗಟೆಯ ಚೂರುಗಳನ್ನು ಬುಡಕ್ಕೆ ತಾಗದಂತೆ ಹೊದಿಸಿದೆ. ಮೊದಲ ಎರಡು ಬೇಸಿಗೆ ಮಳೆಯಿಲ್ಲದ ವಾರಗಳಲ್ಲಿ ಮಾತ್ರ, ಬೆರಳು ಚುಚ್ಚಿ ಮಣ್ಣು ಒಣಗಿದೆಯೆಂದು ಖಚಿತಪಡಿಸಿಕೊಂಡು, ಆಳಕ್ಕೆ ಇಳಿಯುವಂತೆ ನೀರುಣಿಸಿದೆ. ಆಮೇಲೆ ಅದು ತೊಂದರೆ ಕೊಟ್ಟದ್ದೇ ಇಲ್ಲ.

ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇದಕ್ಕೆ ಹಿತ. ಪೂರ್ತಿ ನೆರಳಿನಲ್ಲಿ ಹೂವೂ ಕಡಿಮೆ, ಶರತ್ಕಾಲದ ಎಲೆಬಣ್ಣವೂ ಸಪ್ಪೆ. ಗೊಬ್ಬರ ವಸಂತದ ಆರಂಭದಲ್ಲಿ ಒಮ್ಮೆ ಸ್ವಲ್ಪ ಹಾಕಿದರೆ ಸಾಕು. ಸವರುವ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ: ಇದು ಹಿಂದಿನ ವರ್ಷದ ಕೊಂಬೆಯಲ್ಲಿ ಹೂ ಬಿಡುವ ಗಿಡವಾದ್ದರಿಂದ, ಚಳಿಗಾಲದಲ್ಲಿ ಓರಣಗೊಳಿಸಲು ಹೋದರೆ ಮುಂದಿನ ಹೂವನ್ನೇ ಕತ್ತರಿಸಿ ಎಸೆದಂತಾಗುತ್ತದೆ. ಸವರಲೇಬೇಕೆಂದಿದ್ದರೆ ಹೂವು ಮುಗಿದ ಕೂಡಲೇ ಸವರಬೇಕು. ಜಿಂಕೆಗಳು ಓಡಾಡುವ ಕಡೆ ಚಿಗುರಿಗೆ ಬಲೆಯ ರಕ್ಷಣೆ ಬೇಕಾಗುತ್ತದೆ.

ಮೇ ತಿಂಗಳ ಕೊನೆಗೆ ಬಿಳಿಯಾಗಿ ಅರಳುವ ಗೊಂಚಲು ಬೇಗನೆ ತಿಳಿಗುಲಾಬಿಗೆ ತಿರುಗಿ, ದಿನ ಕಳೆದಂತೆ ಗಾಢವಾಗುತ್ತದೆ. ಒಂದೇ ಪೊದೆಯಲ್ಲಿ ಮೂರು ಛಾಯೆಗಳು ಕಾಣುವ ದಿನಗಳೂ ಉಂಟು. ಜೋರು ಮಳೆಗೆ ಗೊಂಚಲುಗಳು ಬಾಗಿದರೂ ನೀರು ಆರಿದಂತೆ ಮತ್ತೆ ನೆಟ್ಟಗಾಗುತ್ತವೆ. ಮಡಿಕೇರಿ, ಊಟಿಗಳಲ್ಲಿ ಕಾಣುವ ನೀಲಿ ಹೈಡ್ರೇಂಜಿಯ ಬೇರೆ ಜಾತಿಯದು. ಅದರ ಬಣ್ಣ ಮಣ್ಣಿನ ಹುಳಿಗೆ ತಕ್ಕಂತೆ ಬದಲಾಗುತ್ತದೆ, ಇದರದು ಹಾಗಲ್ಲ. ಮಣ್ಣಿಗೆ ಏನು ಬೆರೆಸಿದರೂ ಇದು ನೀಲಿಯಾಗದು.

ಎಲೆಗಳು ಶರತ್ಕಾಲದಲ್ಲಿ ಕೆಂಪು, ಕಡುಗೆಂಪಾಗಿ ಉದುರಿದ ಮೇಲೆ ಕಾಂಡದ ತೊಗಟೆ ದಾಲ್ಚಿನ್ನಿ ಚಕ್ಕೆಯ ಬಣ್ಣದ ಹಾಳೆಗಳಾಗಿ ಸುಲಿಯತೊಡಗುತ್ತದೆ. ಜನವರಿಯ ಬೆಳಗ್ಗೆ ಕಾಫಿ ಹಿಡಿದು ಕಿಟಕಿಯ ಬಳಿ ನಿಂತಾಗ, ಎಳೆಬಿಸಿಲು ಆ ತೆಳು ಸಿಪ್ಪೆಗಳ ಹಿಂದಿನಿಂದ ಬೀಳುವುದನ್ನು ನೋಡುವುದೇ ಒಂದು ಸುಖ. ಮೂರು ಗ್ಯಾಲನ್ ಕುಂಡದ ಗಿಡಕ್ಕೆ ನಾನು ಕೊಟ್ಟದ್ದು ಸುಮಾರು 40 ಡಾಲರ್. ಎರಡು ಸಲ ಕೊಟ್ಟಿದ್ದರೂ ಹೆಚ್ಚೆನಿಸಿಲ್ಲ. ಬರುವ ಶರತ್ಕಾಲದಲ್ಲಿ ಮನೆಯ ಉತ್ತರದ ಇಳಿಜಾರಿಗೆ ಇನ್ನೆರಡನ್ನು, ಒಂದಕ್ಕೊಂದು ಐದು ಅಡಿ ಬಿಟ್ಟು ನೆಡಲಿದ್ದೇನೆ.