ಮನೆಯ ಈಜುಕೊಳಕ್ಕೆ ಕ್ಲೋರಿನ್: ಬಳ್ಳಾರಿಯ ಮೂರು ಬೇಸಿಗೆಗಳ ನಂತರ

ನಮ್ಮ ಈಜುಕೊಳದ ಮೂರನೆಯ ಮೆಟ್ಟಿಲಿನ ಅಂಚಿಗೆ ಕಡುನೀಲಿ ಟೈಲ್ಸಿನ ಪಟ್ಟಿಯೊಂದನ್ನು ಕೂರಿಸಿದ್ದಾರೆ. ಮಂಡಿನೋವಿಗೆ ನೀರಿನಲ್ಲಿ ನಡೆಯುವುದು ಒಳ್ಳೆಯದೆಂದು ವೈದ್ಯರು ಹೇಳಿದ ಮೇಲೆ, 2019ರಲ್ಲಿ ಅಪ್ಪನಿಗಾಗಿಯೇ ಸಿರುಗುಪ್ಪ ರಸ್ತೆಯ ಕಡೆಯ ನಮ್ಮ ಮನೆಯ ಹಿತ್ತಲಿನಲ್ಲಿ ಕಟ್ಟಿಸಿದ ಕೊಳವದು: ಉದ್ದ 8 ಮೀಟರ್, ಅಗಲ 4 ಮೀಟರ್, ಹಿಡಿಯುವ ನೀರು ಸುಮಾರು 40,000 ಲೀಟರ್. ಮೊದಲ ಕೆಲವು ತಿಂಗಳು ಬಿಟ್ಟರೆ, ಮುಂದಿನ ಮೂರು ವರ್ಷ ಆ ನೀಲಿ ಪಟ್ಟಿ ನಮಗೆ ಸ್ಪಷ್ಟವಾಗಿ ಕಾಣಲೇ ಇಲ್ಲ. ಕೊನೆಯ ಮೆಟ್ಟಿಲು ಎಲ್ಲಿ ಮುಗಿಯುತ್ತದೆಂದು ತಿಳಿಯದೆ ಅಪ್ಪ ಕಂಬಿ ಹಿಡಿದು, ಪಾದದಿಂದ ತಡವುತ್ತ ಇಳಿಯುತ್ತಿದ್ದರು. 2022ರ ಡಿಸೆಂಬರ್‌ನಲ್ಲಿ ನೀರನ್ನು ಕ್ಲೋರಿನ್‌ಗೆ ಬದಲಾಯಿಸಿದೆ. ಮೂರು ಬೇಸಿಗೆ ಕಳೆದ ಮೇಲೆ, ಅದರಿಂದ ಸಿಕ್ಕ ಸುಖವನ್ನೂ ಅದು ಕೊಟ್ಟ ಕಷ್ಟವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ನಾವು ಬಳಸುತ್ತಿದ್ದದ್ದು ಬಿಗ್ವನೈಡ್ ಎಂಬ ದ್ರಾವಣ. ಕಣ್ಣಿಗೆ ಹಾಕಿಕೊಳ್ಳುವ ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ನೀರಿನಲ್ಲಿಯೂ ಇದೇ ಜಾತಿಯ ರಾಸಾಯನಿಕ ಇರುತ್ತದೆಂದು ಹೇಳಿ, ಮಗಳ ಕಣ್ಣು ಉರಿಯುವುದಿಲ್ಲ, ಅಪ್ಪನ ಚರ್ಮ ಒಣಗುವುದಿಲ್ಲ ಎಂದು ಕೊಳ ಕಟ್ಟಿದವರು ಅದನ್ನು ಒಪ್ಪಿಸಿದ್ದರು. ಆ ಮಾತು ಸುಳ್ಳಲ್ಲ. ನೀರು ಮೈಗೆ ಮೃದುವಾಗಿಯೇ ಇತ್ತು, ಬಿಸಿಲಿಗೆ ಅದರ ಶಕ್ತಿಯೂ ಕುಂದುತ್ತಿರಲಿಲ್ಲ. ಆದರೆ ಬಿಗ್ವನೈಡ್ ರೋಗಾಣುಗಳನ್ನು ಕೊಲ್ಲುತ್ತದೆಯೇ ಹೊರತು ಬೆವರು, ಎಣ್ಣೆ, ಎಲೆಕಸವನ್ನು ಸುಟ್ಟುಹಾಕುವುದಿಲ್ಲ. ಆ ಕೆಲಸಕ್ಕೆ ಹೈಡ್ರೋಜನ್ ಪೆರಾಕ್ಸೈಡನ್ನು ಬೇರೆಯಾಗಿ ಹಾಕುತ್ತಲೇ ಇರಬೇಕು. ಎರಡನೆಯ ವರ್ಷದಿಂದ ಫಿಲ್ಟರಿನ ಮರಳು ಜಿಗುಟಾಗತೊಡಗಿತು, ಏಣಿಯ ಹಿಂಬದಿಯಲ್ಲಿ ಗುಲಾಬಿ ಬಣ್ಣದ ಲೋಳೆ ಕಾಣಿಸಿಕೊಂಡಿತು, ನೀರು ಅಕ್ಕಿ ತೊಳೆದ ನೀರಿನಂತೆ ಮಸುಕಾಯಿತು. ಪ್ರತಿ ಸಲ ಕೇಳಿದಾಗಲೂ ಅದೇ ದ್ರಾವಣವನ್ನು ಇನ್ನಷ್ಟು ಹಾಕಿ ಎಂಬ ಸಲಹೆ ಬರುತ್ತಿತ್ತು. ತಿಂಗಳ ಖರ್ಚು 6,000 ರೂಪಾಯಿ ಮುಟ್ಟಿದ ಮೇಲೂ ಮೆಟ್ಟಿಲು ಕಾಣದಿದ್ದಾಗ ನಾನು ಆ ಸಲಹೆಯನ್ನು ಕೇಳುವುದನ್ನು ಬಿಟ್ಟೆ.

ಬದಲಾವಣೆಗೆ ಹೊರಡುವವರು ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಈ ಎರಡೂ ಒಂದೇ ನೀರಿನಲ್ಲಿ ಬಾಳುವುದಿಲ್ಲ. ನೀರಿನಲ್ಲಿ ಬಿಗ್ವನೈಡ್ ಇರುವಷ್ಟು ದಿನ ಹಾಕಿದ ಕ್ಲೋರಿನ್ ಎಲ್ಲವೂ ಅದನ್ನು ಸುಡುವುದಕ್ಕೇ ಖರ್ಚಾಗುತ್ತದೆ. ಕೊಳವನ್ನು ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬುವುದು ಸುಲಭವಾದ ದಾರಿ. ನನಗೆ ಅದಕ್ಕೆ ಮನಸ್ಸು ಬರಲಿಲ್ಲ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಬಡಾವಣೆಗಳಿರುವ ಊರಿನಲ್ಲಿ ಎಂಟು ಟ್ಯಾಂಕರ್ ನೀರನ್ನು ಚರಂಡಿಗೆ ಬಿಡುವುದು ಸರಿಯೆನಿಸಲಿಲ್ಲ. ನಮ್ಮ ಬೋರ್‌ವೆಲ್ಲಿನ ಗಡಸು ನೀರನ್ನು ಅಷ್ಟು ಪ್ರಮಾಣದಲ್ಲಿ ತುಂಬಿದರೆ ಟೈಲ್ಸಿನ ಮೇಲೆ ಸುಣ್ಣದ ಪೊರೆ ಕೂರುವುದೂ ಖಚಿತವಾಗಿತ್ತು. ಹಾಗಾಗಿ ಇದ್ದ ನೀರಿನಲ್ಲಿಯೇ ಬಿಗ್ವನೈಡನ್ನು ಕ್ಲೋರಿನ್‌ನಿಂದ ಸುಟ್ಟು ತೆಗೆಯಲು ನಿರ್ಧರಿಸಿ, ಒಂದು ತಿಂಗಳು ಮೊದಲೇ ಪೆರಾಕ್ಸೈಡ್ ಹಾಕುವುದನ್ನು ನಿಲ್ಲಿಸಿದೆ. ಅದು ಉಳಿದಿದ್ದರೆ ಕ್ಲೋರಿನ್ನನ್ನು ತಾನೂ ತಿಂದುಹಾಕುತ್ತದೆ.

ಬಳ್ಳಾರಿಯಲ್ಲಿ ದ್ರವರೂಪದ ಕ್ಲೋರಿನ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್ (ನಮ್ಮ ಮಾತಿನಲ್ಲಿ ಹೈಪೋ), ಹುಡುಕುವ ಕಷ್ಟವಿಲ್ಲ. ಜೀನ್ಸ್ ಹೊಲಿಯುವ ಈ ಊರಿನಲ್ಲಿ ಬಟ್ಟೆಯ ಬಣ್ಣ ತಿಳಿ ಮಾಡುವ ವಾಷಿಂಗ್ ಘಟಕಗಳಿಗೆ ಅದು ಬೇಕೇ ಬೇಕು. ಅವರಿಗೆ ಮಾಲು ಕೊಡುವ ಅಂಗಡಿಯಿಂದಲೇ ನಾನೂ ಕ್ಯಾನುಗಳಲ್ಲಿ ತರುತ್ತೇನೆ. ಅಲ್ಲಿ ಸರಕು ಬೇಗ ಬೇಗ ಖಾಲಿಯಾಗುವುದರಿಂದ ಹಳೆಯ ಮಾಲು ಸಿಗುವ ಭಯ ಕಡಿಮೆ. 10 ಪ್ರತಿಶತದ ಒಂದು ಲೀಟರ್ ಹೈಪೋ ನಮ್ಮ ಕೊಳದಲ್ಲಿ ಕ್ಲೋರಿನ್ನನ್ನು 2.5 ಪಿಪಿಎಂ (ಒಂದು ಪಿಪಿಎಂ ಎಂದರೆ ಲೀಟರ್ ನೀರಿಗೆ ಒಂದು ಮಿಲಿಗ್ರಾಂ) ಏರಿಸುತ್ತದೆ. ಬೀಜ, ಗೊಬ್ಬರದ ಅಂಗಡಿಯಲ್ಲಿ ಕುಳಿತು ದಿನವಿಡೀ ಸಿಂಪಡಣೆಯ ಪ್ರಮಾಣ ಲೆಕ್ಕ ಹಾಕಿಕೊಡುವ ನನಗೆ ಈ ಒಂದು ಅಂಕಿ ಸಿಕ್ಕಿದ್ದು ಧೈರ್ಯ ಕೊಟ್ಟಿತು.

ಪಿಎಚ್ 7.2ಕ್ಕೆ ಇಳಿಸಿಕೊಂಡು ಮೊದಲ ಸಂಜೆ ಸೂರ್ಯ ಮುಳುಗಿದ ಮೇಲೆ ಆರು ಲೀಟರ್ ಹಾಕಿದೆ. ಅರ್ಧ ಗಂಟೆಯೊಳಗೆ ನೀರು ಹಳದಿ ತಿರುಗಿತು, ಬೆಳಗ್ಗೆ ನೋಡಿದರೆ ಕಿತ್ತಳೆ, ಮರುದಿನ ಸಂಜೆಗೆ ಬೆಲ್ಲದ ಪಾನಕದ ಬಣ್ಣ. ಅಂಚುಗಳಲ್ಲಿ ನೊರೆ ಕಟ್ಟಿತು, ತಳದಲ್ಲಿ ಕಂದು ಕೆಸರು ಕೂತಿತು. ಫಿಲ್ಟರಿನ ಒತ್ತಡದ ಮುಳ್ಳು ಕೆಲವೇ ಗಂಟೆಗಳಲ್ಲಿ ಮೇಲಕ್ಕೇರುತ್ತಿತ್ತು, ದಿನಕ್ಕೆ ಮೂರು ಬಾರಿ ಬ್ಯಾಕ್‌ವಾಶ್ ಮಾಡಬೇಕಾಯಿತು, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳನ್ನು ತೊಳೆಯಬೇಕಾಯಿತು. ಮೊದಲ ಮೂರು ದಿನ ಮೂಗಿಗೆ ಬಡಿಯುವ ವಾಸನೆಯೂ ಇತ್ತು. ಪಕ್ಕದ ಮನೆಯ ಅಕ್ಕ ಗೋಡೆಯಾಚೆಯಿಂದಲೇ ಏನು ಸುಡುತ್ತಿದ್ದೀರೆಂದು ವಿಚಾರಿಸಿದರು. ಕ್ಲೋರಿನ್ನನ್ನು ಬಿಸಿಲಿನಿಂದ ಕಾಪಾಡುವ ಸ್ಟೆಬಿಲೈಸರ್ ನೀರಿನಲ್ಲಿ ಇನ್ನೂ ಇಲ್ಲದ ಕಾರಣ ಡಿಸೆಂಬರಿನ ಬಿಸಿಲು ಕೂಡ ಹಾಕಿದ ಕ್ಲೋರಿನ್ನನ್ನು ಮಧ್ಯಾಹ್ನದೊಳಗೆ ಮುಗಿಸಿಬಿಡುತ್ತಿತ್ತು. ಹಗಲಿನಲ್ಲಿ ಎರಡು ಬಾರಿ, ರಾತ್ರಿ ಒಂದು ಬಾರಿ ಅಳೆದು, ಮತ್ತೆ 15 ಪಿಪಿಎಂಗೆ ಏರಿಸುತ್ತ ಹೋದೆ.

ಮುಗಿಯಿತೆಂದು ತಿಳಿಯುವುದು ಕಣ್ಣಿನಿಂದಲ್ಲ, ರಾತ್ರಿಯ ಪರೀಕ್ಷೆಯಿಂದ. ಕತ್ತಲಾದ ಮೇಲೆ ಒಮ್ಮೆ, ಬಿಸಿಲು ಬೀಳುವ ಮೊದಲು ಒಮ್ಮೆ ಕ್ಲೋರಿನ್ ಅಳೆಯಬೇಕು. ನಡುವೆ ಕಳೆದದ್ದು 1 ಪಿಪಿಎಂಗಿಂತ ಹೆಚ್ಚಿರಬಾರದು. ಹನ್ನೊಂದನೆಯ ರಾತ್ರಿ ನಮ್ಮ ಕೊಳ ಅರ್ಧ ಪಿಪಿಎಂ ಮಾತ್ರ ಕಳೆದುಕೊಂಡಿತು. ಅಷ್ಟರಲ್ಲಿ 110 ಲೀಟರ್ ಹೈಪೋ ಖರ್ಚಾಗಿತ್ತು. ನಂತರ ಫಿಲ್ಟರಿನ ಹಳೆಯ ಮರಳನ್ನು ತೆಗೆಸಿದೆ. ಅದು ಕೈಗೆ ಹಲಸಿನ ಅಂಟಿನಂತೆ ಅಂಟುತ್ತಿತ್ತು. ಹೊಳೆಯ ಮರಳನ್ನೇ ಜರಡಿ ಹಿಡಿದು ತುಂಬೋಣವೆಂದು ಮೇಸ್ತ್ರಿ ಹೇಳಿದರಾದರೂ ನಾನು ಒಪ್ಪಲಿಲ್ಲ. ಫಿಲ್ಟರಿಗೆಂದೇ ಗಾತ್ರ ನೋಡಿ ಆರಿಸಿದ ಸಿಲಿಕಾ ಮರಳು ಮೂರು ಮೂಟೆ ತರಿಸಿದೆ. ಹಳೆಯ ಮರಳನ್ನು ಉಳಿಸಿಕೊಂಡರೆ ಅದರಲ್ಲಿ ಸಿಕ್ಕಿಕೊಂಡ ಬಿಗ್ವನೈಡ್ ಮತ್ತೆ ನೀರಿಗೆ ಇಳಿದು, ಹನ್ನೊಂದು ದಿನದ ಶ್ರಮ ವ್ಯರ್ಥವಾಗುತ್ತದೆ.

ಹೊಸ ಮರಳು ತುಂಬಿದ ಎರಡನೆಯ ಬೆಳಗ್ಗೆ ಅಪ್ಪ ಮೆಟ್ಟಿಲ ಮೇಲೆ ನಿಂತು ಬಹಳ ಹೊತ್ತು ಕೆಳಗೆ ನೋಡುತ್ತಿದ್ದರು. ಏನಾಯಿತೆಂದು ಹತ್ತಿರ ಹೋದರೆ, "ನನ್ನ ಕಾಲಿನ ಉಗುರು ಕಾಣಾಕತ್ತೈತೆ ನೋಡೋ" ಎಂದರು. ಆ ದಿನ ಅವರು ಕಂಬಿ ಮುಟ್ಟದೆ ಇಳಿದರು.

ವಾಸನೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಿಂದೆ ಊರ ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿದ ದಿನ ಆ ನೀರು ಕುಡಿದ ನೆನಪಿರುವ ಅವ್ವನಿಗೂ ಅದೇ ಭಯವಿತ್ತು. ಈಜುಕೊಳದ ಘಾಟು ಹೆಚ್ಚಾಗಿ ಶುದ್ಧ ಕ್ಲೋರಿನ್ನಿನದಲ್ಲ. ಬೆವರು, ಮೂತ್ರದ ಅಂಶಗಳ ಜೊತೆ ಸೇರಿ ಅದು ಕ್ಲೋರಮಿನ್ ಆದಾಗ ಹುಟ್ಟುವಂಥದ್ದು. ಕಣ್ಣುರಿಗೂ ಬಹುಮಟ್ಟಿಗೆ ಅದೇ ಕಾರಣ. ಸಾಕಷ್ಟು ಕ್ಲೋರಿನ್ ಇರುವ, ಮೈ ತೊಳೆದುಕೊಂಡೇ ಇಳಿಯುವವರ ಕೊಳಕ್ಕೆ ವಾಸನೆ ಇರುವುದಿಲ್ಲವೆಂದು ನಾನು ಓದಿದ್ದೆ. ನಮ್ಮ ಹಿತ್ತಲಿನಲ್ಲಿ ಅದನ್ನು ಮೂಸಿ ನೋಡಿದ ಮೇಲೆಯೇ ನಂಬಿದೆ. ಮಗಳ ಕಣ್ಣು ಕೆಂಪಾಗಿಲ್ಲ. ಅವಳ ಈಜುಡುಗೆಯ ಬಣ್ಣ ಮಾತ್ರ ವರ್ಷದೊಳಗೆ ಮಾಸಿತು.

ಬೆಳಗಿನ ಪರೀಕ್ಷೆ ನಮ್ಮ ಮನೆಯಲ್ಲಿ ಕಾಫಿಗಿಂತ ಮೊದಲು ನಡೆಯುತ್ತದೆ. ಮೊಣಕೈ ಮುಳುಗುವಷ್ಟು ಆಳದಿಂದ ನೀರು ತುಂಬಿ, 10 ಮಿಲಿ ಗೆರೆಗೆ ಸರಿಯಾಗಿ ಉಳಿಸಿಕೊಂಡು, ಪುಟ್ಟ ಚಮಚದಲ್ಲಿ ಎರಡು ಬಾರಿ ಡಿಪಿಡಿ ಎಂಬ ಪರೀಕ್ಷೆಯ ಪುಡಿ ಹಾಕಿದೊಡನೆ ನೀರು ಕಡುಗುಲಾಬಿಯಾಗುತ್ತದೆ. ನಂತರ ಎರಡನೆಯ ಶೀಶೆಯಿಂದ ಹನಿ ಹನಿಯಾಗಿ ಬಿಟ್ಟು ಅಲ್ಲಾಡಿಸಬೇಕು. ಒಂದು ಹನಿಗೆ ಅರ್ಧ ಪಿಪಿಎಂ. ಎಂಟನೆಯ ಹನಿಯವರೆಗೂ ಗುಲಾಬಿಯಾಗಿಯೇ ಇದ್ದ ನೀರು ಒಂಬತ್ತಕ್ಕೆ ಮಂಕಾಗಿ, ಹತ್ತಕ್ಕೆ ತಟ್ಟನೆ ತಿಳಿಯಾಗುವ ಆ ಕ್ಷಣ ನನಗೆ ಇಂದಿಗೂ ಇಷ್ಟ. ಹಳದಿ ಬಣ್ಣದ ಛಾಯೆ ಹೋಲಿಸಿ ನೋಡುವ ಅಗ್ಗದ ಕಿಟ್ಟನ್ನು ಈ ಕೆಲಸಕ್ಕೆ ನಂಬಬೇಡಿ. ಅದು ಒಟ್ಟು ಕ್ಲೋರಿನ್ ತೋರಿಸುತ್ತದೆ, ಕೆಲಸ ಮಾಡುವ ಕ್ಲೋರಿನ್ ಎಷ್ಟೆಂಬುದು ಗೊತ್ತಾಗುವುದಿಲ್ಲ.

ಇಲ್ಲಿಯವರೆಗೆ ಓದಿದವರಿಗೆ ಕ್ಲೋರಿನ್‌ಗೆ ದೋಷವೇ ಇಲ್ಲವೆನಿಸಬಹುದು. ಎರಡನೆಯ ಬೇಸಿಗೆ ಹಾಗಿರಲಿಲ್ಲ. ದಿನವೂ ಸಂಜೆ ಹೈಪೋ ಸುರಿಯುವ ಕೆಲಸ ತಪ್ಪುತ್ತದೆಂದು 2024ರ ಫೆಬ್ರುವರಿಯಲ್ಲಿ ನಾನು ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆಗಳಿಗೆ ಹೋದೆ. ತೇಲುವ ಡಬ್ಬಿಯಲ್ಲಿ ಮಾತ್ರೆಗಳನ್ನಿಟ್ಟರೆ ವಾರಗಟ್ಟಲೆ ನಿಧಾನವಾಗಿ ಕರಗುತ್ತವೆ, ಮನೆ ಬಿಟ್ಟು ಹೋಗಲು ನಿಶ್ಚಿಂತೆ ಎಂದು ಮಾರಿದವರು ಹೇಳಿದ್ದರು. ಅವರು ಹೇಳದೆ ಬಿಟ್ಟದ್ದು, ಮಾತ್ರೆ ಕರಗಿ 10 ಪಿಪಿಎಂ ಕ್ಲೋರಿನ್ ಕೊಡುವಾಗ ಸುಮಾರು 6 ಪಿಪಿಎಂ ಸಯನ್ಯೂರಿಕ್ ಆಮ್ಲವನ್ನೂ ನೀರಿಗೆ ಬಿಡುತ್ತದೆ ಎಂಬುದನ್ನು. ಸ್ಟೆಬಿಲೈಸರ್ ಎಂದು ಕರೆಯುವುದು ಇದನ್ನೇ. ಬಯಲಿನ ಕೊಳಕ್ಕೆ ಅದು 30ರಿಂದ 50 ಪಿಪಿಎಂ ಇರಲೇಬೇಕು. ಇಲ್ಲದಿದ್ದರೆ ನಮ್ಮ ಬಿಸಿಲಿನಲ್ಲಿ ಅರ್ಧದಷ್ಟು ಕ್ಲೋರಿನ್ ಒಂದು ಗಂಟೆಯೊಳಗೆ ಹೋಗುತ್ತದೆ. ಬದಲಾವಣೆ ಮುಗಿದ ದಿನ 1.6 ಕೆಜಿಯನ್ನು ಹಳೆಯ ಕಾಲುಚೀಲದಲ್ಲಿ ಕಟ್ಟಿ, ನೀರು ಒಳಬರುವ ಬಾಯಿಯ ಮುಂದೆ ತೂಗುಹಾಕಿ ನಾನೇ ಕರಗಿಸಿದ್ದೆ. ಅದು ಹೆಚ್ಚಾದರೆ ಕ್ಲೋರಿನ್ನನ್ನು ಕಾಪಾಡುವುದರ ಜೊತೆಗೆ ಕಟ್ಟಿಯೂ ಹಾಕುತ್ತದೆ. ಸ್ಟೆಬಿಲೈಸರ್ ಇರುವ ಪ್ರಮಾಣದ 7 ಅಥವಾ 8 ಪ್ರತಿಶತದಷ್ಟಾದರೂ ಕ್ಲೋರಿನ್ ಇರದಿದ್ದರೆ ಪಾಚಿಯನ್ನು ತಡೆಯಲಾಗುವುದಿಲ್ಲ.

ಏಪ್ರಿಲ್ ಎರಡನೆಯ ವಾರ ಪರೀಕ್ಷೆಯಲ್ಲಿ 3 ಪಿಪಿಎಂ ಕ್ಲೋರಿನ್ ತೋರಿಸುತ್ತಿರುವಾಗಲೇ ಗೋಡೆ ಹಸಿರಾಯಿತು. ಸ್ಟೆಬಿಲೈಸರ್ ಅಳೆಯುವ ಕೊಳವೆಯ ತಳದಲ್ಲಿ ಕಪ್ಪು ಚುಕ್ಕಿಯೊಂದಿರುತ್ತದೆ; ಔಷಧ ಬೆರೆತು ಬೆಳ್ಳಗಾದ ನೀರನ್ನು ಸುರಿಯುತ್ತ ಹೋಗಿ, ಚುಕ್ಕಿ ಮರೆಯಾದಲ್ಲಿ ನಿಲ್ಲಿಸಿ ಅಂಕಿ ಓದಬೇಕು. ಅಂದು 100ರ ಗೆರೆ ತಲುಪುವ ಮೊದಲೇ ಚುಕ್ಕಿ ಕಣ್ಮರೆಯಾಯಿತು. ಮಾದರಿಯನ್ನು ಅರ್ಧಕ್ಕೆ ತೆಳು ಮಾಡಿ ಮತ್ತೆ ಅಳೆದಾಗ ಸಿಕ್ಕಿದ ಲೆಕ್ಕ 150ರ ಆಸುಪಾಸು. ಸ್ಟೆಬಿಲೈಸರ್ ಆವಿಯಾಗುವುದಿಲ್ಲ, ಕ್ಲೋರಿನ್‌ನಿಂದ ಸುಡುವುದೂ ಇಲ್ಲ. ನೀರು ಬದಲಿಸುವುದೊಂದೇ ದಾರಿ. 2023ರ ಮಳೆ ಕೈಕೊಟ್ಟು ನೀರಿಗೆ ತತ್ವಾರವಾಗಿದ್ದ ಬೇಸಿಗೆಯಲ್ಲಿ ಅದು ಸಾಧ್ಯವಿರಲಿಲ್ಲ. ಕ್ಲೋರಿನ್ನನ್ನು ಹೆಚ್ಚಿಸಿ ಪಾಚಿ ಕೊಂದು, ಮಳೆಗಾಲದವರೆಗೆ 11 ಪಿಪಿಎಂ ಕಾಯ್ದುಕೊಂಡು, ಎರಡು ಪಟ್ಟು ಖರ್ಚು ಮಾಡಿದೆ. ಜಲಾಶಯ ತುಂಬಿತೆಂದು ಆಗಸ್ಟ್‌ನಲ್ಲಿ ಟ್ಯಾಂಕರಿಗೆ ಹೇಳಬೇಕೆನ್ನುವಷ್ಟರಲ್ಲಿ, 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋಯಿತು. ಇಡೀ ಸೀಮೆ ಬೆಳೆಯ ನೀರಿನ ಚಿಂತೆಯಲ್ಲಿದ್ದಾಗ ಈಜುಕೊಳಕ್ಕೆ ನೀರು ಕೇಳಲು ಮನಸ್ಸಾಗದೆ ಸೆಪ್ಟೆಂಬರ್ ಕೊನೆಯವರೆಗೂ ಕಾದು, ಆಮೇಲೆ ಮೂರನೆಯ ಎರಡು ಭಾಗದಷ್ಟು ನೀರು ಬದಲಿಸಿದೆ.

ಆ ಡಬ್ಬಿ ಈಗ ಅಟ್ಟದ ಮೇಲಿದೆ. ಮಾತ್ರೆಗಳು ಕೆಟ್ಟವೆಂದು ನಾನು ಹೇಳುವುದಿಲ್ಲ. ನಾಲ್ಕು ದಿನ ಮದುವೆಗೆ ಹೋಗುವಾಗ ಎರಡು ಮಾತ್ರೆ ಇಡುವುದು ತಪ್ಪಲ್ಲ. ನೀರು ಬದಲಿಸಲು ಯೋಚಿಸಬೇಕಾದ ನಮ್ಮಂಥ ಊರಿನಲ್ಲಿ ಅವುಗಳನ್ನೇ ದಿನನಿತ್ಯದ ಆಧಾರ ಮಾಡಿಕೊಳ್ಳಬಾರದು. ಮಾತ್ರೆಯ ಡಬ್ಬಿಗೆ ಬ್ಲೀಚಿಂಗ್ ಪೌಡರನ್ನಾಗಲಿ ಬೇರೆ ಯಾವ ಕ್ಲೋರಿನ್ ಪುಡಿಯನ್ನಾಗಲಿ ಎಂದಿಗೂ ಹಾಕಬೇಡಿ, ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಹೈಪೋ ಮತ್ತು ಪಿಎಚ್ ಇಳಿಸುವ ಆಸಿಡ್ ಕ್ಯಾನುಗಳೂ ಒಂದೇ ಮೂಲೆಯಲ್ಲಿರಬಾರದು. ಅವೆರಡು ಬೆರೆತರೆ ಏಳುವುದು ವಿಷದ ಗಾಳಿ.

ಹೈಪೋದ ದೊಡ್ಡ ದೋಷ ನಮ್ಮ ಬಿಸಿಲು. ಮೇ ತಿಂಗಳಲ್ಲಿ ಮೂರು ವಾರ ಹಳೆಯದಾದ ಕ್ಯಾನಿನಿಂದ ಒಂದು ಲೀಟರ್ ಹಾಕಿದಾಗ 2.5ರ ಬದಲು 1.5 ಪಿಪಿಎಂ ಮಾತ್ರ ಏರಿತು. ಈಗ ಹತ್ತು ದಿನಕ್ಕಾಗುವಷ್ಟು ಮಾತ್ರ ತಂದು, ಮನೆಯ ಗೋಡೆಯ ನೆರಳಿನಲ್ಲಿ ಒದ್ದೆ ಗೋಣಿಚೀಲ ಹೊದಿಸಿ ಇಡುತ್ತೇನೆ. ಬೇಸಿಗೆಯಲ್ಲಿ ದಿನಕ್ಕೆ ಒಂದೂವರೆ ಲೀಟರ್, ಚಳಿಗಾಲದಲ್ಲಿ ಮುಕ್ಕಾಲು ಲೀಟರ್ ಸಾಕು. ಪಿಎಚ್ ಏರಿಸುವ ನಮ್ಮ ಬೋರ್‌ವೆಲ್ ನೀರಿಗಾಗಿ ವಾರಕ್ಕೊಮ್ಮೆ ಹಾಕುವ ಆಸಿಡ್ ಸೇರಿಸಿದರೂ ತಿಂಗಳಿಗೆ 1,200 ರೂಪಾಯಿ ದಾಟಿಲ್ಲ.

ತಾನಾಗಿ ಹೈಪೋ ಬಿಡುವ ಡೋಸಿಂಗ್ ಪಂಪ್ ತರುವ ಯೋಚನೆ ಈ ವರ್ಷ ಬಂದಿತ್ತು. ಅಪ್ಪ ಬೇಡವೆಂದರು. ಈಗ ಬೆಳಗಿನ ಹನಿಗಳನ್ನು ಎಣಿಸುವವರು ಅವರೇ. ಅಂಗಡಿಯ ಹಳೆಯ ಖಾತೆ ಪುಸ್ತಕದಲ್ಲಿ ತಾರೀಖಿನ ಮುಂದೆ ಅಂಕಿ ಬರೆದು, ನನಗೆ ಸಂಜೆಗೆ ಎಷ್ಟು ಲೀಟರ್ ಹಾಕಬೇಕೆಂದು ಹೇಳಿ, ಆಮೇಲೆ ನೀರಿಗಿಳಿಯುತ್ತಾರೆ.