ಬಾಲಬೋಲ್ಕಾ: ಬಸ್ಸಿನಲ್ಲಿ ನೋಟ್ಸ್ ಕೇಳುವವರಿಗೆ

ಕನ್ನಡ ಪಠ್ಯವನ್ನು ಎಂಪಿ3 ಮಾಡಿಕೊಂಡು ಕೇಳಬೇಕು ಅನ್ನುವವರಿಗೆ ಬಾಲಬೋಲ್ಕಾ ಒಳ್ಳೆಯ ತಂತ್ರಾಂಶ. ವಿಂಡೋಸ್‌ಗೆ ಉಚಿತವಾಗಿ ಸಿಗುತ್ತದೆ. ಆದರೆ ಕನ್ನಡ ಓದುವ ದನಿಯನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ನನ್ನದು ಇ-ಸ್ಪೀಕ್ ದನಿ. ರಾಯಚೂರಿನಿಂದ ಮಾನ್ವಿಗೆ ದಿನಾ ಬಸ್ಸಿನಲ್ಲಿ ಓಡಾಟ. ಪರೀಕ್ಷೆಯ ನೋಟ್ಸನ್ನೆಲ್ಲ ಆ ಹೊತ್ತಿನಲ್ಲೇ ಕೇಳುತ್ತೇನೆ.

ದನಿ ಯಂತ್ರದ್ದೇ, ಕಿವಿಗೆ ಒಗ್ಗಲು ಸ್ವಲ್ಪ ದಿನ ಬೇಕು. ಆದರೆ ವೇಗ ಹೆಚ್ಚಿಸಿದರೂ ಪದಗಳು ಕಲಸಿಹೋಗುವುದಿಲ್ಲ, ಬಸ್ಸಿನ ಸದ್ದಿನಲ್ಲೂ ಬಿಡಿಬಿಡಿಯಾಗಿ ಕೇಳುತ್ತವೆ. ಕತೆ, ಕಾದಂಬರಿಗೆ ಇದು ಬೇಡ. ಓದಿದ್ದನ್ನು ಮತ್ತೆ ಮತ್ತೆ ಮೆಲುಕು ಹಾಕಲು ಧಾರಾಳ ಸಾಕು.

ಜಾಸ್ತಿ ಕೆಲಸ ಇರುವುದು ಪಠ್ಯವನ್ನು ಸಿದ್ಧಮಾಡುವುದರಲ್ಲಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಹಾಗೇ ಕೊಟ್ಟರೆ ಏನೇನೋ ಇಂಗ್ಲಿಷ್ ಅಕ್ಷರ ಓದುತ್ತದೆ. ಮೊದಲು ಅದನ್ನು ಯುನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಅಕ್ಷರಕ್ಕೆ, ಬದಲಿಸಲೇಬೇಕು. ಪಿಡಿಎಫ್‌ನಿಂದ ತೆಗೆದದ್ದಾದರೆ ಮುರಿದ ಸಾಲುಗಳನ್ನು ಕೂಡಿಸಬೇಕು, ಇಲ್ಲದಿದ್ದರೆ ವಾಕ್ಯದ ನಡುವೆ ಸುಮ್ನೆ ನಿಲ್ಲುತ್ತದೆ. ಆಮೇಲೆ ಇಸವಿಗಳ ಕಾಟ. ‘1520ರಲ್ಲಿ ರಾಯಚೂರು ಕದನ’ ಅಂತ ಇದ್ದರೆ ‘ಇಪ್ಪತ್ತು’ ಬೇರೆ, ‘ರಲ್ಲಿ’ ಬೇರೆ ಆಗುತ್ತದೆ. ‘ಕ್ರಿ.ಶ.’ ಬಂದರೆ ಚುಕ್ಕಿ ಇದ್ದಲ್ಲೆಲ್ಲ ತಡೆ. ಇದಕ್ಕೆ ಬಾಲಬೋಲ್ಕಾದಲ್ಲೇ ಉಚ್ಚಾರ ತಿದ್ದುವ ಪಟ್ಟಿ ಇದೆ. ‘ಕ್ರಿ.ಶ.’ ಎದುರು ‘ಕ್ರಿಸ್ತಶಕ’ ಅಂತ ಒಮ್ಮೆ ಬರೆದಿಟ್ಟರೆ ಮುಂದಿನ ಎಲ್ಲ ಫೈಲಿಗೂ ಅದೇ ನಡೆಯುತ್ತದೆ. ಮೊಬೈಲಿನಲ್ಲಿ ಇದಕ್ಕಿಂತ ಇಂಪಾದ ಕನ್ನಡ ದನಿಗಳಿವೆ, ನಿಜ. ಆದರೂ ಈ ಪಟ್ಟಿಯನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ಅದು ಬೆಳೆದಷ್ಟೂ ಓದು ಸುಧಾರಿಸುತ್ತಲೇ ಇದೆ.

ಎಂಪಿ3 ಮಾಡುವಾಗ ಮಾತಿಗೆ 32 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್ ಅನ್ನುವ ಲೆಕ್ಕ) ಮೋನೋ, ಅಂದರೆ ಒಂದೇ ಚಾನೆಲ್, ಸಾಕು. ಒಂದು ಗಂಟೆಗೆ 14 ಎಂಬಿ ಚಿಲ್ಲರೆ ಆಗುತ್ತದೆ. 4 ಜಿಬಿ ಕಾರ್ಡಿನಲ್ಲಿ 250 ಗಂಟೆಗೂ ಮೀರಿ ಹಿಡಿಸುತ್ತದೆ.

ಬಟನ್ ಪ್ಲೇಯರ್ ಇದ್ದವರಿಗೆ ಒಂದು ಮಾತು. ಅಗ್ಗದ ಪ್ಲೇಯರ್‌ಗಳಲ್ಲಿ ಎಷ್ಟೋ ಸಲ ಹೆಸರಿನ ಕ್ರಮ ನಡೆಯುವುದಿಲ್ಲ, ಕಾಪಿ ಮಾಡಿದ ಕ್ರಮದಲ್ಲೇ ಹಾಡುತ್ತವೆ. ಹಾಗಾಗಿ ಫೈಲುಗಳನ್ನು ಒಂದರ ಹಿಂದೆ ಒಂದು ಹಾಕಿ. ಕನ್ನಡ ಹೆಸರು ಪರದೆಯ ಮೇಲೆ ಚೌಕ ಚೌಕವಾಗಿ ಕಂಡರೆ 001, 002 ಅಂತ ಇಡಿ. ಆಫ್ ಮಾಡಿದರೆ ನಿಂತ ಜಾಗ ಮರೆಯುವ ಪ್ಲೇಯರ್ ಆದರೆ ಪಾಠಗಳನ್ನು ಹತ್ತು ನಿಮಿಷದ ತುಂಡು ಮಾಡಿಕೊಳ್ಳಿ. ಬೇಕಾದ ಕಡೆ ಎರಡು ಖಾಲಿ ಸಾಲು ಬಿಟ್ಟರೆ ಬಾಲಬೋಲ್ಕಾ ಅಲ್ಲಲ್ಲೇ ಕತ್ತರಿಸಿ ಬೇರೆ ಬೇರೆ ಫೈಲ್ ಮಾಡಿಕೊಡುತ್ತದೆ.